ನ್ಯೂಯಾರ್ಕ್‌ನಿಂದ ಲಂಡನ್‌: ದೂರ, ಸಮಯ ಲೆಕ್ಕ ಹಾಕುವ ಬಗೆ

ಗೋಡೆಗೆ ತೂಗುಹಾಕುವ ಮರ್ಕೇಟರ್ ಭೂಪಟದಲ್ಲಿ (ದುಂಡು ಭೂಮಿಯನ್ನು ಚಪ್ಪಟೆಯಾಗಿ ಬಿಡಿಸಿದ ನಕ್ಷೆ) ನ್ಯೂಯಾರ್ಕ್‌ನ ಜೆಎಫ್‌ಕೆ ಮತ್ತು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಗಳ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ನೇರ ದಾರಿಯಂತೆ ಕಾಣುತ್ತದೆ. ನಿಜಕ್ಕೂ ಅದು ಸುತ್ತುದಾರಿ, ಸುಮಾರು 5,760 ಕಿ.ಮೀ. ಗ್ಲೋಬ್ ಮೇಲೆ ದಾರ ಬಿಗಿಹಿಡಿದು ನೋಡಿ. ದಾರ ಉತ್ತರಕ್ಕೆ ಬಾಗಿ ನೋವಾ ಸ್ಕೋಷಿಯಾ, ನ್ಯೂಫೌಂಡ್‌ಲ್ಯಾಂಡ್ ದಾಟಿ, ಅಟ್ಲಾಂಟಿಕ್ ಹಾದು ಐರ್ಲೆಂಡಿನ ಮೇಲೆ ಬರುತ್ತದೆ. ಹತ್ತಿರದ ದಾರಿ ಇದೇ, 220 ಕಿ.ಮೀ. ಕಡಿಮೆ.

ಲೆಕ್ಕಕ್ಕೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು. ಜೆಎಫ್‌ಕೆ ಅಕ್ಷಾಂಶ 40.64 ಉತ್ತರ, ರೇಖಾಂಶ 73.78 ಪಶ್ಚಿಮ. ಹೀಥ್ರೂ 51.47 ಉತ್ತರ, 0.45 ಪಶ್ಚಿಮ. ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: 0.5095. ಅವುಗಳ ಕಾಸ್ ಎರಡನ್ನೂ, ರೇಖಾಂಶಗಳ ವ್ಯತ್ಯಾಸವಾದ 73.33ರ ಕಾಸ್ ಅನ್ನೂ ಗುಣಿಸಿ: 0.1356. ಕೂಡಿಸಿದರೆ 0.6451. ಇದರ ವಿಲೋಮ ಕಾಸ್ (ಕ್ಯಾಲ್ಕುಲೇಟರ್‌ನಲ್ಲಿ cos⁻¹) ಸುಮಾರು 49.82 ಡಿಗ್ರಿ. ಡಿಗ್ರಿಗೆ 111.2 ಕಿ.ಮೀ.ಯಂತೆ 5,540 ಕಿ.ಮೀ. ಭೂಮಿ ಪೂರ್ತಿ ಗುಂಡಗಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿದವರು ಸುಮಾರು 5,555 ಎನ್ನುತ್ತಾರೆ, ಅದೂ ಸರಿ.

ಉತ್ತರ ಅಸಂಬದ್ಧವಾಗಿ ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಲೆಕ್ಕದಲ್ಲಿದೆಯೇ ಎಂದು ಮೊದಲು ನೋಡಿ. ಕಣ್ತಪ್ಪಿಸುವ ತಪ್ಪು ಇನ್ನೊಂದಿದೆ: 40 ಡಿಗ್ರಿ 38 ನಿಮಿಷವನ್ನು 40.38 ಎಂದು ಬರೆಯುವುದು. ನಿಮಿಷವನ್ನು 60ರಿಂದ ಭಾಗಿಸಬೇಕು, ಆಗ 40.63. ಈ ಒಂದು ತಪ್ಪಿಗೇ ವಿಮಾನ ನಿಲ್ದಾಣ 28 ಕಿ.ಮೀ. ಜರುಗಿಬಿಡುತ್ತದೆ.

ದೂರ ಎರಡೂ ಕಡೆಗೆ ಒಂದೇ, ಸಮಯ ಹಾಗಲ್ಲ. ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಅಟ್ಲಾಂಟಿಕ್ ಮೇಲೆ ಜೆಟ್ ಸ್ಟ್ರೀಮ್ ಎಂಬ ಎತ್ತರದ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಗಾಳಿಯ ವೇಗ ಗಂಟೆಗೆ 100 ಕಿ.ಮೀ. ಇದ್ದರೆ ಲಂಡನ್ ಕಡೆಗೆ ದೂರವನ್ನು 1,000ದಿಂದ ಭಾಗಿಸಿ, ಐದೂವರೆ ಗಂಟೆ. ವಾಪಸು ಬರುವಾಗ 800ರಿಂದ ಭಾಗಿಸಿ, ಸುಮಾರು ಏಳು ಗಂಟೆ. ವಿಮಾನ ಮೇಲೇರಿ ಕೆಳಗಿಳಿಯುವುದು, ರನ್‌ವೇ ಸರದಿ, ಗೇಟ್‌ವರೆಗಿನ ಓಟಕ್ಕೆ ಮುಕ್ಕಾಲರಿಂದ ಒಂದು ಗಂಟೆ ಸೇರಿಸಲೇಬೇಕು. ಪೈಲಟ್‌ಗಳು ಎದುರುಗಾಳಿ ತಪ್ಪಿಸಿಕೊಂಡು ಹೋಗುವುದರಿಂದ ವಾಪಸು ದಾರಿ ಕೆಲವು ದಿನ ಉದ್ದವಾಗುತ್ತದೆ. ಗಾಳಿಯ ಬಲ ಎಷ್ಟೆಂದರೆ, 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು 4 ಗಂಟೆ 56 ನಿಮಿಷದಲ್ಲಿ ಲಂಡನ್ ಮುಟ್ಟಿತ್ತು.

ಟಿಕೆಟ್‌ನಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರ. ರಾತ್ರಿ 8ಕ್ಕೆ ಹೊರಟು ಬೆಳಿಗ್ಗೆ 8ಕ್ಕೆ ಇಳಿದರೆ ಪ್ರಯಾಣ 12 ಗಂಟೆಯಲ್ಲ. ಲಂಡನ್ 5 ಗಂಟೆ ಮುಂದಿರುವುದರಿಂದ ಅದನ್ನು ಕಳೆದರೆ 7 ಗಂಟೆ. ವಾಪಸು ಬರುವಾಗ ಕೂಡಿಸಿ: ಬೆಳಿಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ಇಳಿದರೆ 8 ಗಂಟೆ.

ಆದರೆ ವರ್ಷದಲ್ಲಿ ಕೆಲವು ವಾರ ಈ ಅಂತರ 4 ಗಂಟೆ. ಎರಡೂ ದೇಶಗಳು ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ, ಆದರೆ ಬೇರೆ ಬೇರೆ ದಿನ. ಅಮೆರಿಕ ಮುಂದಿಡುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ ಕೊನೆಯ ಭಾನುವಾರ. ಹಿಂದಿಡುವಾಗ ಬ್ರಿಟನ್ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕ ನವೆಂಬರ್ ಮೊದಲ ಭಾನುವಾರ. ಹೀಥ್ರೂದಲ್ಲಿ ಇಳಿದು ಬೆಂಗಳೂರಿನ ವಿಮಾನ ಹಿಡಿಯುವವರು ಈ ವಾರಗಳಲ್ಲಿ ಎರಡೂ ಸಮಯವನ್ನು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಬದಲಿಸಿಕೊಂಡೇ ಲೆಕ್ಕ ಹಾಕಿ.