ಸಕ್ಕರೆ ಹಾಕದ ಪಂಪ್ಕಿನ್ ಸ್ಪೈಸ್ ಕ್ರೀಮರ್

ಅಮೆರಿಕದಲ್ಲಿ ಸೆಖೆ ಇನ್ನೂ ಇಳಿಯದ ಆಗಸ್ಟ್ ತಿಂಗಳಲ್ಲೇ ಅಂಗಡಿಗಳ ಫ್ರಿಜ್‌ಗಳಲ್ಲಿ ಪಂಪ್ಕಿನ್ ಸ್ಪೈಸ್ (ಕುಂಬಳದ ಪೈಗೆ ಹಾಕುವ ಮಸಾಲೆ) ಘಮದ, ಕಾಫಿಗೆ ಹಾಲಿನ ಬದಲು ಬೆರೆಸುವ ಕ್ರೀಮರ್ ಬಾಟಲಿಗಳು ಸಾಲುಗಟ್ಟುತ್ತವೆ. ಸ್ಟಾರ್‌ಬಕ್ಸ್ 2003ರಲ್ಲಿ ಈ ಘಮದ ಲಾಟೆಯನ್ನು (ಹಾಲು ಹೆಚ್ಚಿರುವ ಕಾಫಿ) ಪರಿಚಯಿಸಿದ ಮೇಲೆ ಅದು ಅಲ್ಲಿನ ಶರತ್ಕಾಲದ ಗುರುತೇ ಆಗಿಹೋಗಿದೆ. ಆದರೆ 2015ರವರೆಗೆ ಆ ಲಾಟೆಯಲ್ಲಿ ಕುಂಬಳಕಾಯಿ ಇರಲೇ ಇಲ್ಲ. ರುಚಿಯೆಲ್ಲ ಇರುವುದು ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿಗಳಲ್ಲಿ, ಅಂದರೆ ನಮ್ಮ ಮಸಾಲೆ ಡಬ್ಬಿಯಲ್ಲಿ. ಅಂಗಡಿಯ ಸಿಹಿ ಕ್ರೀಮರ್‌ನಲ್ಲಿ ಟೇಬಲ್ ಚಮಚಕ್ಕೆ ಸುಮಾರು 5 ಗ್ರಾಂ ಸಕ್ಕರೆ ಇರುವುದರಿಂದ, ಕಾರ್ಬೋಹೈಡ್ರೇಟ್ ಮಿತಿಯಲ್ಲಿಡಬೇಕಾದವರು ಇದನ್ನು ಮನೆಯಲ್ಲೇ ಮಾಡಿಕೊಳ್ಳುವುದು ಮೇಲು.

ಬೇಕಾಗುವುದು ಇಷ್ಟು: ಒಂದು ಕಪ್ (240 ಮಿ.ಲೀ.) ಹೆವಿ ಕ್ರೀಮ್ (ಕೊಬ್ಬು ಹೆಚ್ಚಿರುವ ಕೆನೆ), ಮುಕ್ಕಾಲು ಕಪ್ ಸಿಹಿಯಿಲ್ಲದ ಬಾದಾಮಿ ಹಾಲು, ಎರಡು ಟೇಬಲ್ ಚಮಚ ಸಿಹಿಕುಂಬಳದ ತಿರುಳು, ಎರಡು ಅಂಗುಲದ ಎರಡು ಚಕ್ಕೆ ತುಂಡು, ಮೂರು ಲವಂಗ, ಕಾಲು ಟೀ ಚಮಚ ಒಣಶುಂಠಿ ಪುಡಿ, ತೇಯಲು ಒಂದು ಜಾಯಿಕಾಯಿ, ಮೂರು ಟೇಬಲ್ ಚಮಚ ಅಲ್ಯುಲೋಸ್ (ಸಕ್ಕರೆಯ ಬದಲು ಬಳಸುವ ಸಿಹಿಕಾರಕ), ಒಂದು ಟೀ ಚಮಚ ವೆನಿಲ್ಲಾ ಮತ್ತು ಚಿಟಿಕೆ ಉಪ್ಪು. ತಿರುಳಿನ ಡಬ್ಬಿ ಕೊಳ್ಳುವಾಗ ಲೇಬಲ್ ಓದಬೇಕು. ‘ಪಂಪ್ಕಿನ್ ಪೈ ಫಿಲ್ಲಿಂಗ್’ ಎಂದಿದ್ದರೆ ಅದರಲ್ಲಿ ಸಕ್ಕರೆ ಸೇರಿರುತ್ತದೆ.

ಮೊದಲ ಸಲ ನಾನು ಚಕ್ಕೆಯನ್ನು ಪುಡಿ ಮಾಡಿಯೇ ಹಾಕಿದ್ದೆ. ಅದು ಬಿಸಿಯಲ್ಲಿ ನೀರು ಹೀರಿ ಲೋಳೆಯಾಗಿ, ಲೋಟದ ತಳದಲ್ಲಿ ಕಂದು ಕೆಸರಿನಂತೆ ಕುಳಿತಿತ್ತು, ಕೊನೆಯ ಗುಟುಕು ಗಂಟಲಿಗಿಳಿಯಲಿಲ್ಲ. ಆದ್ದರಿಂದ ಚಕ್ಕೆ, ಲವಂಗಗಳನ್ನು ಇಡಿಯಾಗಿಯೇ ದಪ್ಪ ತಳದ ಪಾತ್ರೆಯಲ್ಲಿ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ, ಬಾದಾಮಿ ಹಾಲು, ಕ್ರೀಮ್, ಅಲ್ಯುಲೋಸ್ ಮತ್ತು ಉಪ್ಪನ್ನು ಸೇರಿಸಿ, ಅಂಚಿನಲ್ಲಿ ಸಣ್ಣ ಗುಳ್ಳೆಗಳೇಳುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು, ಉಕ್ಕಲು ಬಿಡಬಾರದು. ತಿರುಳು ಮತ್ತು ಒಣಶುಂಠಿಯನ್ನು ಗಂಟಿಲ್ಲದಂತೆ ಕಲಸಿ, ಒಲೆ ಆರಿಸಿ, ಇಪ್ಪತ್ತು ನಿಮಿಷ ಮುಚ್ಚಿಟ್ಟು, ತೆಳು ಬಟ್ಟೆಯಲ್ಲಿ ಹಿಂಡದೆ ಸೋಸಬೇಕು. ಜಾಯಿಕಾಯಿಯನ್ನು ಕೊನೆಯಲ್ಲಿ ನಾಲ್ಕೈದು ಸಲ ತೇಯ್ದರೆ ಸಾಕು, ಹೆಚ್ಚಾದರೆ ಕಹಿಯಾಗುತ್ತದೆ. ವೆನಿಲ್ಲಾ ಬೆರೆಸುವುದು ಆರಿದ ಮೇಲೆ. ಹಸಿ ಶುಂಠಿ ಬೇಡ, ಅದು ಹಾಲಿನ ಪದಾರ್ಥಗಳನ್ನು ಒಡೆಯಿಸಬಹುದು.

ಅಲ್ಯುಲೋಸನ್ನೇ ಹೇಳಲು ಕಾರಣವಿದೆ. ಇನ್ನೊಂದು ಸಿಹಿಕಾರಕವಾದ ಎರಿಥ್ರಿಟಾಲ್ ಹಾಕಿದರೆ ಫ್ರಿಜ್‌ನಲ್ಲಿ ಅದು ಮತ್ತೆ ಹರಳುಗಟ್ಟಿ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಅಲ್ಯುಲೋಸ್ ಕರಗಿದಂತೆಯೇ ಉಳಿಯುತ್ತದೆ. ಅದರ ಸಿಹಿ ಸಕ್ಕರೆಯ ಸುಮಾರು 70 ಶೇಕಡಾ. ದೇಹ ಅದನ್ನು ಹೆಚ್ಚಿನಂಶ ಶಕ್ತಿಯಾಗಿ ಬಳಸದೆ ಹೊರಹಾಕುತ್ತದೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಇಡೀ ಬಾಟಲಿಯಲ್ಲಿ ಹತ್ತು ಹನ್ನೊಂದು ಗ್ರಾಂ ಕಾರ್ಬೋಹೈಡ್ರೇಟ್ ಇದ್ದು, ಎರಡು ಟೇಬಲ್ ಚಮಚಕ್ಕೆ ಒಂದು ಗ್ರಾಂಗಿಂತಲೂ ಕಡಿಮೆಯಾಗುತ್ತದೆ. ಆದರೂ ಬಾಟಲಿಯಿಂದ ನೇರವಾಗಿ ಸುರಿಯದೆ ಚಮಚದಲ್ಲಿ ಅಳೆಯುವುದೇ ಸರಿ.

ಗಾಜಿನ ಬಾಟಲಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಐದು ದಿನ ಕೆಡುವುದಿಲ್ಲ. ಮೇಲೆ ಕೆನೆ ಗಟ್ಟಿಯಾಗುವುದರಿಂದ ಪ್ರತಿ ಸಲ ಕುಲುಕಿ ಬಳಸಬೇಕು. ಇದು ಹಾಲಿಲ್ಲದ ಕಪ್ಪು ಕಾಫಿಗೆ ಹೊಂದುವ ವಸ್ತು. ಚಿಕೋರಿ ಬೆರೆತ ನಮ್ಮ ಫಿಲ್ಟರ್ ಡಿಕಾಕ್ಷನ್‌ಗೆ ಹಾಲಿನ ಬದಲು ಇದನ್ನೇ ಸುರಿದರೆ ಕೊಬ್ಬು ಅತಿಯಾಗಿ ನಾಲಿಗೆಗೆ ಅಂಟುತ್ತದೆ. ಡಿಕಾಕ್ಷನ್‌ಗೆ ಮೂರರಷ್ಟು ಬಿಸಿನೀರು ಬೆರೆಸಿ, ಮೇಲೆ ಎರಡು ಚಮಚ ಹಾಕಿಕೊಂಡರೆ ಹಿತವಾಗಿರುತ್ತದೆ.