ಗಿಣ್ಣ ಬೇಕು, ಬಾಣಂತಿಯ ಮೊದಲ ಹಾಲು ಬೇಡವೇ?

ನಮ್ಮ ದಾವಣಗೆರೆ ಸೀಮೆಯಲ್ಲಿ ಎಮ್ಮೆ ಈದರೆ ಪಕ್ಕದ ಮನೆಗೂ ಗಿಣ್ಣದ ಹಾಲು ಹೋಗುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಚಪ್ಪರಿಸುತ್ತೇವೆ. ಅದೇ ಮನೆಯಲ್ಲಿ ಹೆರಿಗೆಯಾದರೆ, ಬಾಣಂತಿಯ ಹಳದಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿಸುವ ಅಜ್ಜಿಯರು ಇನ್ನೂ ಇದ್ದಾರೆ. ಎಂಥ ವಿಚಿತ್ರ ಅಲ್ವಾ?

ಮೊದಲು ಲೆಕ್ಕ ನೋಡಿ. ಮೊದಲ ಎರಡು ಮೂರು ದಿನದ ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 50ರಿಂದ 60 ಕಿಲೋ ಕ್ಯಾಲೊರಿ ಇರುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಅದು 65–70ರ ಹತ್ತಿರ ಬರುತ್ತದೆ. ಕಾರಣ ಕೊಬ್ಬು. ಮೊದಲ ಹಾಲಿನಲ್ಲಿ ಕೊಬ್ಬು ಕಡಿಮೆ. ಪ್ರೋಟೀನು ಮತ್ತು ಸೋಂಕು ತಡೆಯುವ ಅಂಶಗಳು ಜಾಸ್ತಿ. ಮೊದಲ ದಿನ ಒಂದು ಸಲಕ್ಕೆ ಮಗು ಕುಡಿಯುವುದು ಒಂದೆರಡು ಚಮಚ ಮಾತ್ರ. ಹಾಗಾದರೆ ಹೊಟ್ಟೆ ತುಂಬುತ್ತದೆಯೇ? ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮಗು ಮೈಯಲ್ಲಿ ಕೊಬ್ಬು, ಲಿವರಿನಲ್ಲಿ ಸಕ್ಕರೆ ಕೂಡಿಟ್ಟುಕೊಂಡು ಬಂದಿರುತ್ತದೆ. ಆ ಗಂಟು ಮೊದಲ ದಿನಗಳನ್ನು ದಾಟಿಸುತ್ತದೆ. ಜೇನು, ಸಕ್ಕರೆ ನೀರು ಬೇಡ.

ಈಗ ಮಾಡುವ ಕ್ರಮ. ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿ. ಸಿಸೇರಿಯನ್ ಆಗಿದ್ದರೂ ಆದಷ್ಟು ಬೇಗ. ಆಮೇಲೆ ಗಡಿಯಾರ ನೋಡಬೇಡಿ, ಮಗು ಬಾಯಿ ಚಪ್ಪರಿಸಿದಾಗಲೆಲ್ಲ ಕುಡಿಸಿ. ದಿನಕ್ಕೆ 8ರಿಂದ 12 ಸಲ ಆಗುತ್ತದೆ.

ಮಗು ಚೀಪದಿದ್ದರೆ ಕೈಯಿಂದ ಹಿಂಡಬಹುದು. ಕೈ ತೊಳೆದು, ಎದೆಯ ಕಪ್ಪು ಭಾಗದ ಅಂಚಿನ ಹೊರಗೆ ಮೇಲೆ ಹೆಬ್ಬೆರಳು, ಕೆಳಗೆ ಉಳಿದ ಬೆರಳುಗಳನ್ನು ಇಡಿ. ಮೊದಲು ಬೆನ್ನಿನ ಕಡೆಗೆ ಒತ್ತಿ, ಆಮೇಲೆ ಮೆತ್ತಗೆ ಹಿಚುಕಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ, ನೋಯುತ್ತದೆ. ಬಂದ ಹನಿಗಳನ್ನು ಕುದಿಸಿದ ಒಳಲೆಯಲ್ಲಿ (ಮಗುವಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲು) ಹಿಡಿದು ಕುಡಿಸಿ. ಒಳಲೆ ಇಲ್ಲದಿದ್ದರೆ ಚಿಕ್ಕ ಚಮಚ ಸಾಕು.

ಸಾಮಾನ್ಯವಾಗಿ ಮೂರರಿಂದ ಐದನೇ ದಿನದೊಳಗೆ ಹಾಲು ಚೆನ್ನಾಗಿ ಇಳಿಯುತ್ತದೆ. ಆಗ ಶುರುವಾಗುತ್ತದೆ ಇನ್ನೊಂದು ದೂರು: ‘ಹಾಲು ನೀರುನೀರು.’ ಡೈರಿಗೆ ಹಾಲು ಹಾಕುವವರಿಗೆ ಇದರ ಗುಟ್ಟು ಗೊತ್ತು. ಹಸು ಕರೆಯುವಾಗ ಮೊದಲ ಹಾಲು ತೆಳು, ಕೊನೆಯ ಹಾಲಿಗೆ ಫ್ಯಾಟ್ ಜಾಸ್ತಿ. ತಾಯಿಯದೂ ಹಾಗೇ. ಎದೆ ಬರಿದಾಗುತ್ತಾ ಹೋದ ಹಾಗೆ ಕೊಬ್ಬು ಏರುತ್ತದೆ. ಹಾಲಿನ ಒಟ್ಟು ಕಸುವಿನ ಅರ್ಧದಷ್ಟು ಬರುವುದು ಕೊಬ್ಬಿನಿಂದಲೇ. ಆದ್ದರಿಂದ ಐದು ನಿಮಿಷಕ್ಕೆ ಈ ಕಡೆ, ಐದು ನಿಮಿಷಕ್ಕೆ ಆ ಕಡೆ ಎಂದು ಬದಲಿಸಬೇಡಿ. ಮಗು ತಾನಾಗಿ ಬಿಡುವವರೆಗೆ ಒಂದೇ ಕಡೆ ಇರಲಿ, ಆಮೇಲೆ ಇನ್ನೊಂದು ಕೊಡಿ. ಹಿಂಡಿಟ್ಟ ಹಾಲಿನ ಮೇಲೆ ಕೆನೆ ಬೇರೆಯಾಗಿ ನಿಂತರೆ ಕೆಟ್ಟಿತು ಅಂದುಕೊಳ್ಳಬೇಡಿ. ಲೋಟವನ್ನು ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ.

ಬೆಣ್ಣೆ ದೋಸೆ ತಿಂದರೆ ಹಾಲಿಗೆ ಬೆಣ್ಣೆ ಬರುತ್ತದೆಯೇ? ಅಷ್ಟು ಸುಲಭ ಅಲ್ಲ. ತಾಯಿ ತಿಂದದ್ದರಿಂದ ಕೊಬ್ಬಿನ ಬಗೆ ಬದಲಾಗಬಹುದು, ಒಟ್ಟು ಕ್ಯಾಲೊರಿ ಅಷ್ಟಾಗಿ ಬದಲಾಗದು. ಊಟ ಕಡಿಮೆಯಾದರೆ ಸವೆಯುವುದು ತಾಯಿಯ ಮೈ. ಮೊದಲ ಆರು ತಿಂಗಳು ಬಾಣಂತಿಗೆ ದಿನಕ್ಕೆ 600 ಕಿಲೋ ಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಜೋಳದ ರೊಟ್ಟಿ, ಕಾಳುಪಲ್ಯ, ಸಬ್ಬಸಿಗೆ ಸೊಪ್ಪಿನ ಸಾರು, ಮೊಸರು, ಒಂದು ಹಿಡಿ ಶೇಂಗಾ ಜಾಸ್ತಿ ಬಡಿಸಿ. ಬಾಣಂತಿಗೆ ನೀರು ಕೊಡಬಾರದು ಎನ್ನುವ ಅತ್ತೆಗೆ ಮಾತ್ರ ಸ್ವಲ್ಪ ಜಗಳ ಮಾಡಿಯೇ ಹೇಳಬೇಕಾಗುತ್ತದೆ.

ಸಾಕಾಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಳುವಿನಿಂದ ಅಲ್ಲ, ಒದ್ದೆ ಬಟ್ಟೆಯಿಂದ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೋಗಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಹುಟ್ಟಿದ ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿದರೆ, ಮಗು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ ಅಥವಾ ಉಚ್ಚೆ ಕಡಿಮೆಯಾದರೆ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14ನೇ ದಿನ ಬರುತ್ತಾರೆ. ಸುಮ್ನೆ ಕಾಫಿ ಕೊಟ್ಟು ಕಳಿಸಬೇಡಿ, ಮಗುವನ್ನು ತೂಗಿಸಿ. 14ನೇ ದಿನದ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಿ ಬಂದಿರಬೇಕು.