ನೇರ ಗೆರೆಯನ್ನು ಓರೆಯಾಗಿ ಕಾಣಿಸುವ ಅಚ್ಚು

ಸಾಗರದ ಕಡೆಯ ದೀವರ ಮನೆಗಳಲ್ಲಿ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣಿನ ಗೋಡೆ ಮೇಲೆ ಬಿಳಿ ಗೆರೆಗಳು ಒತ್ತೊತ್ತಾಗಿ ಬಂದ ಕಡೆ ಕಣ್ಣು ನಿಲ್ಲುವುದೇ ಇಲ್ಲ. 1960ರ ದಶಕದಲ್ಲಿ ವಿಕ್ಟರ್ ವಾಸರೇಲಿ, ಬ್ರಿಜೆಟ್ ರೈಲಿ ಮೊದಲಾದ ಕಲಾವಿದರು ಒಂದೇ ಆಕಾರವನ್ನು ಮತ್ತೆ ಮತ್ತೆ ಇಟ್ಟು ಕಣ್ಣನ್ನು ಹೀಗೇ ಓಡಾಡಿಸಿದರು. ಅದಕ್ಕೆ ಆಪ್ ಆರ್ಟ್ (ಆಪ್ಟಿಕಲ್ ಆರ್ಟ್, ಅಂದರೆ ಕಣ್ಣಿಗೆ ಭ್ರಮೆ ಹುಟ್ಟಿಸುವ ಕಲೆ) ಎಂದು ಹೆಸರು ಬಂತು. ಈ ಕೆಲಸಕ್ಕೆ ಅಚ್ಚು ಹೇಳಿಮಾಡಿಸಿದ್ದು. ಎಷ್ಟು ಸಲ ಒತ್ತಿದರೂ ಅಳತೆ ಬದಲಾಗುವುದಿಲ್ಲ, ಅಲ್ವಾ?

ಬೇಕಾಗುವುದು ಇಷ್ಟೇ: ಲಿನೋ (ಅಚ್ಚು ಮಾಡಲು ಬಳಸುವ ಮೆತ್ತನೆಯ ಲಿನೋಲಿಯಂ ಹಾಳೆ) ತುಂಡು, ಸಣ್ಣ ಮರದ ಹಿಡಿ, ಬ್ಲಾಕ್ ಪ್ರಿಂಟಿಂಗಿನ ಕಪ್ಪು ಶಾಯಿ, ರೋಲರ್, ಗಾಜಿನ ಹಲಗೆ, ದಪ್ಪ ಬಿಳಿ ಕಾಗದ, ಪೆನ್ಸಿಲ್, ಸ್ಕೇಲು.

ಮೊದಲು ಲಿನೋದಲ್ಲಿ 2 ಸೆಂ.ಮೀ. ಚೌಕ ಕತ್ತರಿಸಿ ಹಿಡಿಗೆ ಅಂಟಿಸಿ. ಮೂಲೆಗಳು ಚೂಪಾಗಿರಲಿ.

ಕಾಗದದ ಮೇಲೆ 2 ಸೆಂ.ಮೀ. ಎತ್ತರದ ಸಾಲುಗಳನ್ನು ಪೆನ್ಸಿಲ್‌ನಲ್ಲಿ ತೆಳ್ಳಗೆ ಗುರುತಿಸಿ. ಎರಡು ಸಾಲುಗಳ ನಡುವೆ 1 ಮಿ.ಮೀ. ಜಾಗ ಬಿಡಿ. ಗಾಜಿನ ಮೇಲೆ ಶಾಯಿಯನ್ನು ರೋಲರ್‌ನಿಂದ ತೆಳುವಾಗಿ ಹರಡಿ, ಚೌಕಕ್ಕೆ ಹಚ್ಚಿ ಒತ್ತಿ. ಒಂದು ಕಪ್ಪು ಚೌಕ, ಅಷ್ಟೇ ಅಗಲದ ಬಿಳಿ ಜಾಗ, ಮತ್ತೊಂದು ಕಪ್ಪು. ಎರಡನೇ ಸಾಲನ್ನು 1 ಸೆಂ.ಮೀ. ಬಲಕ್ಕೆ ಸರಿಸಿ ಶುರು ಮಾಡಿ. ಮೂರನೆಯದು ಮತ್ತೆ ಮೊದಲಿನಂತೆ. ಪೂರ್ತಿ 2 ಸೆಂ.ಮೀ. ಸರಿಸಿದರೆ ಅದು ಸುಮ್ನೆ ಚದುರಂಗದ ಮಣೆಯಾಗುತ್ತದೆ.

ಒಣಗಲು ಬಿಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಎಣ್ಣೆ ಶಾಯಿಯಂತೂ ಬೇಗ ಒಣಗುವುದಿಲ್ಲ. ಆಗ ನೀರಿನ ಶಾಯಿಯೇ ವಾಸಿ.

ಈಗ ನನಗೆ ತುಂಬಾ ಇಷ್ಟವಾದ ಹಂತ. ಬಿಟ್ಟಿದ್ದ 1 ಮಿ.ಮೀ. ಜಾಗಕ್ಕೆ ಪೆನ್ಸಿಲ್‌ನಲ್ಲಿ ಬೂದು ಬಣ್ಣ ತುಂಬುತ್ತಾ ಹೋಗಿ. ಗೆರೆಗಳು ಕಣ್ಣೆದುರೇ ಓರೆಯಾಗುತ್ತವೆ! ಒಂದು ಎಡಕ್ಕೆ ಇಳಿದಂತೆ, ಪಕ್ಕದ್ದು ಬಲಕ್ಕೆ ಇಳಿದಂತೆ. ಸ್ಕೇಲು ಇಟ್ಟು ನೋಡಿ, ಎಲ್ಲವೂ ನೆಟ್ಟಗೇ ಇವೆ.

ಇಂಗ್ಲೆಂಡಿನ ಬ್ರಿಸ್ಟಲ್‌ನ ಒಂದು ಕೆಫೆಯ ಟೈಲ್ಸ್ ಗೋಡೆಯಲ್ಲಿ ಇದೇ ಭ್ರಮೆ ಕಂಡಿತ್ತು. ಮನೋವಿಜ್ಞಾನಿಗಳಾದ ರಿಚರ್ಡ್ ಗ್ರೆಗರಿ ಮತ್ತು ಪ್ರಿಸಿಲ್ಲಾ ಹರ್ಡ್ 1979ರಲ್ಲಿ ಅದರ ಬಗ್ಗೆ ಬರೆದರು. ಗುಟ್ಟು ಇರುವುದು ಬೂದು ಗೆರೆಯಲ್ಲಿ. ಅದು ಕಪ್ಪಿಗೂ ಬಿಳಿಗೂ ನಡುವಿನ ಬಣ್ಣವಾಗಿರಬೇಕು, ತೆಳ್ಳಗಿರಬೇಕು. ಗೆರೆ ದಪ್ಪವಾದಷ್ಟೂ ಭ್ರಮೆ ಕಮ್ಮಿ.

ಇನ್ನೊಂದು ಹಾಳೆಯಲ್ಲಿ ಪ್ರತಿ ಸಾಲನ್ನೂ 1 ಸೆಂ.ಮೀ.ನಂತೆ ಬಲಕ್ಕೇ ಸರಿಸುತ್ತಾ ಹೋಗಿ. ಆಗ ಗೆರೆಗಳೆಲ್ಲ ಒಂದೇ ಕಡೆಗೆ ವಾಲುತ್ತವೆ.